ಮೇಷ್ಟ್ರು ಎದುರಿಗಿಲ್ಲದ ಪಾಠ: ಸ್ವಯಂಕಲಿಕೆಯ ಆನ್‌ಲೈನ್ ಸೇವೆ ಕಟ್ಟುವುದು ಹೇಗೆ?

ನಿಮಗೆ ಯಾವುದೋ ಒಂದು ಕೆಲಸ ಚೆನ್ನಾಗಿ ಗೊತ್ತಿದೆ. ಬ್ಲೌಸ್ ಕತ್ತರಿಸುವುದಿರಬಹುದು, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದಿರಬಹುದು, ಜೇನು ಸಾಕುವುದಿರಬಹುದು. ಕೇಳಿಕೊಂಡು ಬಂದವರಿಗೆಲ್ಲ ಹೇಳಿಕೊಡುತ್ತೀರಿ. ಒಂದು ದಿನ ಅನಿಸುತ್ತದೆ, ಇದನ್ನೇ ಇಂಟರ್‌ನೆಟ್ಟಿಗೆ ಹಾಕಿದರೆ ದೂರದವರೂ ಕಲಿಯಬಹುದಲ್ಲ ಎಂದು. ಖಂಡಿತ ಕಲಿಯಬಹುದು. ಅದಕ್ಕೆ ಕಂಪನಿ ತೆರೆಯಬೇಕಿಲ್ಲ, ಲಕ್ಷಗಟ್ಟಲೆ ಬಂಡವಾಳವೂ ಬೇಕಿಲ್ಲ. ನಾನು ಇಂಥದ್ದೊಂದು ಚಿಕ್ಕ ಕೋರ್ಸ್ ಮಾಡಿದ್ದೇನೆ. ಅದರ ವಿಷಯ ಪಹಣಿ, ಅಂದರೆ ಜಮೀನಿನ ದಾಖಲೆ, ಓದುವುದು. ಮಾಡುವಾಗ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲು, ಸ್ವಯಂಕಲಿಕೆಯ ಆನ್‌ಲೈನ್ ಸೇವೆ ಅಂದರೆ ಏನು? ಕೋವಿಡ್ ಕಾಲದಲ್ಲಿ ಮಕ್ಕಳು ಮೊಬೈಲ್ ಮುಂದೆ ಕೂತು ಕೇಳುತ್ತಿದ್ದರಲ್ಲ, ಅದಲ್ಲ. ಅಲ್ಲಿ ಆ ಕಡೆ ಒಬ್ಬ ಮೇಷ್ಟ್ರು ಇದ್ದರು. ಇಲ್ಲಿ ಪಾಠ ಮೊದಲೇ ಸಿದ್ಧವಾಗಿರುತ್ತದೆ. ಕಲಿಯುವವರು ತಮಗೆ ಬಿಡುವಾದಾಗ, ತಮ್ಮ ವೇಗದಲ್ಲಿ, ಒಬ್ಬರೇ ಕಲಿಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಅನುಮಾನ ಬಂದರೆ ಕೇಳಲು ಯಾರೂ ಇರುವುದಿಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಉಳಿದ ಎಷ್ಟೋ ನಿರ್ಧಾರಗಳು ಸುಲಭವಾಗುತ್ತವೆ.

ಈಗಾಗಲೇ ಇರುವುದನ್ನು ಒಮ್ಮೆ ನೋಡಿ ಬನ್ನಿ. ಕೇಂದ್ರ ಸರ್ಕಾರದ ಸ್ವಯಂ ಮತ್ತು ದೀಕ್ಷಾ ಎರಡೂ 2017ರಲ್ಲಿ ಶುರುವಾದವು. ಸ್ವಯಂ ಹೆಚ್ಚಾಗಿ ಕಾಲೇಜು ಮಟ್ಟದ್ದು, ದೀಕ್ಷಾ ಶಾಲೆಯ ಪಠ್ಯಕ್ಕೆ ಹೊಂದಿಕೊಂಡದ್ದು. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕಂಪ್ಯೂಟರ್ ಪಾಠಗಳು ಕನ್ನಡದಲ್ಲೂ ಇವೆ. ಖಾನ್ ಅಕಾಡೆಮಿಯ ಗಣಿತ ಪಾಠಗಳೂ ಕನ್ನಡದಲ್ಲಿ ಸಿಗುತ್ತವೆ. ಇವೆಲ್ಲ ಉಚಿತ. ನಿಮ್ಮ ವಿಷಯ ಇಲ್ಲಿ ಆಗಲೇ ಚೆನ್ನಾಗಿದ್ದರೆ ಮತ್ತೆ ಮಾಡುವ ಅಗತ್ಯವಿಲ್ಲ. ಹತ್ತನೇ ತರಗತಿಯ ಗಣಿತಕ್ಕೆ ಇನ್ನೊಂದು ಸೈಟು ಬೇಕಾಗಿಲ್ಲ. ಆದರೆ ಪಹಣಿ ಓದುವುದನ್ನು ಮೊದಲಿನಿಂದ, ಅಭ್ಯಾಸದ ಲೆಕ್ಕಗಳ ಸಮೇತ ಕಲಿಸುವಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಜಮೀನು ಇರುವ ಪ್ರತಿ ಮನೆಯಲ್ಲೂ ಆ ಹಾಳೆ ಇರುತ್ತದೆ. ಓದಿಸಲು ಮಾತ್ರ ಇನ್ನೊಬ್ಬರ ಬಳಿ ಹೋಗಬೇಕು. ಇಂಥ ಜಾಗ ಹುಡುಕಿ.

ವಿಷಯವನ್ನು ಆದಷ್ಟು ಚಿಕ್ಕದು ಮಾಡಿ. ‘ಕಂದಾಯ ಕಾನೂನು’ ಎಂದು ಹೊರಟರೆ ಎರಡು ವರ್ಷವಾದರೂ ಮುಗಿಯುವುದಿಲ್ಲ. ‘ಈ ಕೋರ್ಸ್ ಮುಗಿಸಿದವರು ತಮ್ಮ ಪಹಣಿಯ 3, 9, 10, 11 ಮತ್ತು 12ನೇ ಕಾಲಂಗಳನ್ನು ಯಾರ ಸಹಾಯವೂ ಇಲ್ಲದೆ ಓದಬಲ್ಲರು.’ ನನ್ನ ಗುರಿ ಇಷ್ಟೇ ಇತ್ತು. ಅದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ. ಕೋರ್ಸ್ ಎಂಟು ಪಾಠಗಳಲ್ಲಿ ಮುಗಿಯಿತು.

ಈಗ ಪಾಠ ಬರೆಯುವ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಿಮ್ಮ ಸಮಯದ ಮುಕ್ಕಾಲು ಪಾಲು ಇದಕ್ಕೇ ಹೋಗಬೇಕು.

ನನ್ನ ಮೊದಲ ಪಾಠ 22 ನಿಮಿಷದ ವಿಡಿಯೊ. ಎಲ್ಲವನ್ನೂ ವಿವರವಾಗಿ ಹೇಳಿದ್ದೆ. ಪರಿಚಯದ ಆರು ಜನಕ್ಕೆ ಕಳಿಸಿದೆ. ಕೊನೆಯವರೆಗೆ ನೋಡಿದವರು ಒಬ್ಬರು ಮಾತ್ರ, ಅವರು ನನ್ನ ತಂಗಿ. ಕಾರಣವನ್ನು ಆಮೇಲೆ ಓದಿ ತಿಳಿದೆ. ಎಡ್‌ಎಕ್ಸ್ ಎಂಬ ದೊಡ್ಡ ಆನ್‌ಲೈನ್ ಕಲಿಕಾ ತಾಣದಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಸಂಶೋಧಕರು ಪರಿಶೀಲಿಸಿ 2014ರಲ್ಲಿ ವರದಿ ಪ್ರಕಟಿಸಿದ್ದರು. ಅದರ ಪ್ರಕಾರ ವಿಡಿಯೊ ಎಷ್ಟೇ ಉದ್ದ ಇರಲಿ, ಜನ ನೋಡುವುದು ಸಾಮಾನ್ಯವಾಗಿ ಹೆಚ್ಚೆಂದರೆ ಆರು ನಿಮಿಷ. ನಾನು ಆ 22 ನಿಮಿಷವನ್ನು ಐದು ತುಂಡು ಮಾಡಿದೆ. ಒಂದು ತುಂಡಿಗೆ ಒಂದೇ ವಿಚಾರ.

ಆದರೆ ವಿಡಿಯೊ ಚಿಕ್ಕದಾದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ನೋಡುವಾಗ ಎಲ್ಲವೂ ಅರ್ಥವಾದಂತೆ ಇರುತ್ತದೆ. ಮರುದಿನ ಕೇಳಿದರೆ ನೆನಪಿರುವುದಿಲ್ಲ. ಇದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಎರಡು ಪಾಠ ಓದಲು ಕೊಟ್ಟರು. ಬಳಿಕ ಒಂದನ್ನು ಮತ್ತೆ ಓದಿಸಿದರು. ಇನ್ನೊಂದನ್ನು ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟು ಬರೆಸಿದರು. ವಾರದ ನಂತರ ನೋಡಿದರೆ ಮತ್ತೆ ಓದಿದ್ದರಲ್ಲಿ ಉಳಿದದ್ದು ಶೇ. 42, ನೆನೆದು ಬರೆದದ್ದರಲ್ಲಿ ಉಳಿದದ್ದು ಶೇ. 56. ಮಗ್ಗಿಯನ್ನು ಪುಸ್ತಕ ಮುಚ್ಚಿ ಒಪ್ಪಿಸು ಎನ್ನುತ್ತಿದ್ದ ನಮ್ಮ ಮೇಷ್ಟ್ರುಗಳಿಗೆ ಇದು ಗೊತ್ತೇ ಇತ್ತು. ಹಾಗಾಗಿ ಪ್ರತಿ ತುಂಡಿನ ಕೊನೆಯಲ್ಲಿ ಪ್ರಶ್ನೆ ಇರಲಿ. ಎರಡು ದಿನ ಬಿಟ್ಟು ಬರುವ ಪಾಠದಲ್ಲಿ ಹಳೆಯ ಪ್ರಶ್ನೆ ಒಂದೆರಡು ಮತ್ತೆ ಬರಲಿ.

ಪ್ರಶ್ನೆ ಹಾಕುವುದು ಸುಲಭ. ತಪ್ಪು ಉತ್ತರಕ್ಕೆ ಏನು ಹೇಳುತ್ತೀರಿ ಎಂಬುದರಲ್ಲಿ ಕೆಲಸವಿದೆ. ಇದನ್ನು ಹತ್ತಿರದಿಂದ ತೋರಿಸುತ್ತೇನೆ.

ಪಹಣಿಯ 3ನೇ ಕಾಲಂನಲ್ಲಿ ವಿಸ್ತೀರ್ಣ ಇರುತ್ತದೆ. 1-25 ಎಂದು ಇದ್ದರೆ ಒಂದು ಎಕರೆ 25 ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ಅದು ಒಂದೂವರೆ ಎಕರೆಗಿಂತ ಐದು ಗುಂಟೆ ಹೆಚ್ಚು. ಕ್ಯಾಲ್ಕುಲೇಟರ್ ಅಭ್ಯಾಸ ಇರುವವರು ಇದನ್ನು ಒಂದೂಕಾಲು ಎಕರೆ ಎಂದು ಓದಿಬಿಡುತ್ತಾರೆ. ಓದಿದವರಲ್ಲೇ ಈ ತಪ್ಪು ಹೆಚ್ಚು. ನನ್ನ ಪ್ರಶ್ನೆ ಹೀಗಿತ್ತು: ‘ಒಂದು ಸರ್ವೆ ನಂಬರಿನಲ್ಲಿ 1-25, ಪಕ್ಕದ್ದರಲ್ಲಿ 0-30. ಒಟ್ಟು ಎಷ್ಟು?’ ಸರಿ ಉತ್ತರ 2-15.

ಮೊದಲು ನಾನು ತಪ್ಪು ಉತ್ತರಕ್ಕೆಲ್ಲ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂದು ಬರುವ ಹಾಗೆ ಇಟ್ಟಿದ್ದೆ. ಪಕ್ಕದ ಮನೆಯ ಅಜ್ಜಿಯ ಮೊಮ್ಮಗ, ಪಿಯುಸಿ ಓದುವ ಹುಡುಗ, ನನ್ನ ಎದುರಿಗೇ ಕೂತು ಮೂರು ಸಲ 1-55 ಎಂದೇ ಒತ್ತಿದ. ನಾಲ್ಕನೇ ಸಲ ಫೋನು ಕೆಳಗಿಟ್ಟು ‘ಇದ್ಯಾಕೋ ಸರಿ ಇಲ್ಲ ಅಂಕಲ್’ ಎಂದ. ಅವನ ತಪ್ಪು ಏನೆಂದು ನನಗೆ ಗೊತ್ತಿತ್ತು. ಪಾಠಕ್ಕೆ ಗೊತ್ತಿರಲಿಲ್ಲ. ಅಂದು ರಾತ್ರಿಯೇ ಬದಲಿಸಿದೆ. 1-55 ಎಂದು ಬರೆದವರಿಗೆ ಈಗ ಬರುವ ಮಾತು: ‘25 ಮತ್ತು 30 ಕೂಡಿಸಿದ್ದು ಸರಿ, 55 ಗುಂಟೆ ಆಯಿತು. ಆದರೆ 40 ಗುಂಟೆ ಸೇರಿದರೆ ಒಂದು ಎಕರೆ. 55ರಲ್ಲಿ ಒಂದು ಎಕರೆ ತೆಗೆದು ನೋಡಿ.’ 1-15 ಎಂದವರಿಗೆ ಬೇರೆ ಮಾತು: ‘40 ಕಳೆದದ್ದು ಸರಿ. ಕಳೆದ ಆ 40 ಗುಂಟೆ ಎಲ್ಲಿ ಹೋಯಿತು? ಎಕರೆಯ ಪಕ್ಕ ಸೇರಿಸಲು ಮರೆತಿರಿ.’ ಮರುದಿನ ಅದೇ ಹುಡುಗ ಎರಡನೇ ಪ್ರಯತ್ನದಲ್ಲಿ ಉತ್ತರ ಬರೆದ. ಮುಂದಿನ ಲೆಕ್ಕವನ್ನು ಕೇಳದೆಯೇ ಮಾಡಿದ.

ಎದುರಿಗೆ ಮೇಷ್ಟ್ರು ಇಲ್ಲದ ಕೊರತೆ ತುಂಬುವುದು ಈ ಎರಡು ಸಾಲು. ಹಾಗಾದರೆ ಯಾರು ಯಾವ ತಪ್ಪು ಮಾಡುತ್ತಾರೆ ಎಂದು ತಿಳಿಯುವುದು ಹೇಗೆ? ಒಂದೇ ದಾರಿ. ಸೈಟು ಕಟ್ಟುವ ಮೊದಲೇ ಪಾಠವನ್ನು ಕಾಗದದ ಮೇಲೆ ಬರೆದು, ಐದಾರು ಜನರ ಪಕ್ಕದಲ್ಲಿ ಕೂತು ಮಾಡಿಸಿ. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ನನ್ನ ಕೋರ್ಸಿನ ತಪ್ಪು ಉತ್ತರಗಳ ಪಟ್ಟಿ ಹುಟ್ಟಿದ್ದೇ ಹೀಗೆ. ಒಬ್ಬನೇ ಕೂತು ಊಹಿಸಿದ್ದರೆ ಅರ್ಧವೂ ಹೊಳೆಯುತ್ತಿರಲಿಲ್ಲ. ಇನ್ನೊಂದು ಮಾತು: ಮಾದರಿಗೆ ಯಾರದೋ ನಿಜವಾದ ಪಹಣಿ ಹಾಕಬೇಡಿ. ಹೆಸರು, ಸರ್ವೆ ನಂಬರು ಕಲ್ಪಿಸಿ ಬರೆದ ಹಾಳೆ ಮಾಡಿಕೊಳ್ಳಿ.

ಪಾಠ ಸಿದ್ಧವಾಯಿತು. ಎಲ್ಲಿ ಇಡುವುದು?

ಇದಕ್ಕೆ ಎಲ್‌ಎಂಎಸ್ ಎಂಬ ತಂತ್ರಾಂಶ ಬೇಕು. ಅಂದರೆ ಪಾಠಗಳನ್ನು ಜೋಡಿಸಿಡುವ, ಪ್ರಶ್ನೆ ಕೇಳಿ ಅಂಕ ಕೊಡುವ, ಯಾರು ಎಲ್ಲಿಯವರೆಗೆ ಬಂದಿದ್ದಾರೆ ಎಂದು ನೆನಪಿಡುವ ವ್ಯವಸ್ಥೆ. ಹೊಸದಾಗಿ ಬರೆಸಲು ಹೋಗಬೇಡಿ. ಮೂಡಲ್ ಎಂಬುದು ಉಚಿತವಾಗಿ ಸಿಗುತ್ತದೆ. ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಬದಲಿಸಿಕೊಳ್ಳಲೂಬಹುದು. ಅದನ್ನು ಶುರು ಮಾಡಿದವರು ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಸ್, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅವರು ಬೆಳೆದದ್ದು ಮರುಭೂಮಿಯ ನಡುವಿನ ಒಂದು ಊರಲ್ಲಿ. ಹತ್ತಿರದಲ್ಲಿ ಶಾಲೆ ಇರಲಿಲ್ಲ, ಪಾಠ ರೇಡಿಯೊ ಮೂಲಕ ಬರುತ್ತಿತ್ತು. ದೂರದಿಂದ ಕಲಿಯುವವರ ಕಷ್ಟ ಗೊತ್ತಿದ್ದವರು ಮಾಡಿದ ಸಾಧನ ಎಂಬ ಕಾರಣಕ್ಕೂ ನನಗೆ ಮೂಡಲ್ ಇಷ್ಟ.

ನಾನು ಮೇಲೆ ಹೇಳಿದ ಹಾಗೆ ಪ್ರತಿ ತಪ್ಪು ಉತ್ತರಕ್ಕೂ ಬೇರೆ ಬೇರೆ ಮಾತು ಬರೆಯುವ ಸೌಲಭ್ಯ ಇದರಲ್ಲಿದೆ. ಮೂಡಲ್‌ನ ಮೊಬೈಲ್ ಆ್ಯಪ್ ಕೂಡ ಉಚಿತ. ನೆಟ್‌ವರ್ಕ್ ಇರುವಾಗ ಪಾಠ ಇಳಿಸಿಕೊಂಡು, ಆಮೇಲೆ ಹೊಲದಲ್ಲಿ ಕೂತು ಓದಬಹುದು. ಹಾಗಾಗಿ ಸ್ವಂತ ಆ್ಯಪ್ ಮಾಡಿಸುವ ಖರ್ಚು ಆರಂಭದಲ್ಲಿ ಬೇಡ. ಕನ್ನಡ ಭಾಷಾ ಪ್ಯಾಕ್ ಇದೆ, ಆದರೆ ಎಲ್ಲ ಪದಗಳೂ ಕನ್ನಡಕ್ಕೆ ಬಂದಿಲ್ಲ. ಕಲಿಯುವವರಿಗೆ ಕಾಣುವ ‘ಮುಂದೆ’, ‘ಉತ್ತರ ಸಲ್ಲಿಸಿ’ ಮೊದಲಾದ ಪದಗಳನ್ನು ನೀವೇ ಸರಿ ಮಾಡಿಕೊಳ್ಳಬಹುದು. ನಿಮಗೆ ವರ್ಡ್‌ಪ್ರೆಸ್ ರೂಢಿಯಿದ್ದರೆ ಅದಕ್ಕೆ ಸೇರಿಸುವ ಲರ್ನ್‌ಪ್ರೆಸ್‌ನಂಥ ಪ್ಲಗಿನ್, ಅಂದರೆ ಜೋಡಣೆಯ ತಂತ್ರಾಂಶ, ಇನ್ನೂ ಸುಲಭ. ಇಂಟರ್‌ನೆಟ್ಟೇ ಇಲ್ಲದ ಕಡೆ ಕಲಿಸಬೇಕೆಂದರೆ ಕೊಲಿಬ್ರಿ ಎಂಬುದಿದೆ. ಒಂದು ಪುಟ್ಟ ಕಂಪ್ಯೂಟರಿನಲ್ಲಿ ಪಾಠಗಳನ್ನು ತುಂಬಿ, ಸುತ್ತಲಿನ ಫೋನುಗಳಿಗೆ ವೈಫೈ ಮೂಲಕ ಕೊಡುತ್ತದೆ.

ಕನ್ನಡಕ್ಕೆಂದೇ ಇರುವ ಕೆಲವು ತೊಡಕುಗಳಿವೆ. ಇವನ್ನು ಬೇರೆ ಭಾಷೆಯವರು ಬರೆದ ಕೈಪಿಡಿ ಹೇಳಿಕೊಡುವುದಿಲ್ಲ.

ನಿಮ್ಮ ಹಳೆಯ ಟಿಪ್ಪಣಿಗಳು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಇರಬಹುದು. ಅದನ್ನು ಹಾಗೇ ಅಂಟಿಸಿದರೆ ಓದುವವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಿ. ಉಚಿತ ಪರಿವರ್ತಕಗಳು ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ದೀರ್ಘಗಳನ್ನು ಕಣ್ಣಾರೆ ನೋಡಿ, ಅಲ್ಲೇ ತಪ್ಪುಗಳು ಉಳಿಯುವುದು.

ಎರಡನೆಯದು ಒತ್ತಕ್ಷರ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸಗಳಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. ‘ಪ್ರಶ್ನೆ’ ಎಂಬ ಗುಂಡಿಯಲ್ಲಿ ನಾವತ್ತು ಅರ್ಧ ಕತ್ತರಿಸಿಹೋಗಿರುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿಡಿ. ನೋಟೊ ಸಾನ್ಸ್ ಕನ್ನಡ ಉಚಿತ ಫಾಂಟು, ಫೋನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯದು ಉತ್ತರ ಟೈಪ್ ಮಾಡಿಸುವಾಗ ಬರುವ ತೊಂದರೆ. 2-15 ಎಂದು ಒಬ್ಬರು ಬರೆದರೆ ಇನ್ನೊಬ್ಬರು ೨-೧೫ ಎನ್ನುತ್ತಾರೆ, ಮತ್ತೊಬ್ಬರು ‘2 ಎಕರೆ 15 ಗುಂಟೆ’ ಎನ್ನುತ್ತಾರೆ. ಮೂರೂ ಸರಿಯೇ. ಕಂಪ್ಯೂಟರಿಗೆ ಮೂರನ್ನೂ ಮೊದಲೇ ಹೇಳಿಡದಿದ್ದರೆ ಸರಿ ಬರೆದವರಿಗೂ ತಪ್ಪು ಎನ್ನುತ್ತದೆ. ಕಷ್ಟಪಟ್ಟು ಕಲಿತವರಿಗೆ ಇದರಷ್ಟು ನೋವು ಕೊಡುವುದು ಬೇರೊಂದಿಲ್ಲ. ಎಕರೆಗೆ ಒಂದು, ಗುಂಟೆಗೆ ಒಂದು ಎಂದು ಎರಡು ಬೇರೆ ಬೇರೆ ಖಾನೆ ಕೊಟ್ಟರೆ ಸಮಸ್ಯೆ ಬಹುಪಾಲು ತೀರುತ್ತದೆ.

ದನಿ ಮತ್ತು ವಿಡಿಯೊಗೆ ದುಬಾರಿ ಸಲಕರಣೆ ಬೇಡ. ಫೋನಿನ ಕ್ಯಾಮೆರಾ ಸಾಕು. ಆದರೆ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಕೊಳ್ಳಿ. ಚಿತ್ರ ಮಬ್ಬಾದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ದನಿ ತಿದ್ದಲು ಆಡಾಸಿಟಿ, ಪರದೆ ಚಿತ್ರೀಕರಿಸಲು ಓಬಿಎಸ್ ಸ್ಟುಡಿಯೊ, ಎರಡೂ ಉಚಿತ. ಎಷ್ಟೋ ಪಾಠಗಳಿಗೆ ವಿಡಿಯೊವೇ ಬೇಕಿಲ್ಲ. ಆರು ನಿಮಿಷದ ಸಾಧಾರಣ ಗುಣಮಟ್ಟದ ವಿಡಿಯೊ ಸುಮಾರು 25-30 ಎಂಬಿ ತಿನ್ನುತ್ತದೆ. ಅದೇ ಮಾತನ್ನು ಬರಿಯ ದನಿಯಾಗಿ ಕೊಟ್ಟರೆ ಎರಡು ಎಂಬಿ ಸಾಕು. ಒಂದು ಚಿತ್ರ, ಅದರ ಜೊತೆ ದನಿ, ಪಹಣಿಯ ಕಾಲಂಗಳಿಗೆ ಇಷ್ಟೇ ಸಾಕಾಯಿತು. ಚಿತ್ರದಲ್ಲಿರುವ ಮಾತನ್ನು ಕೆಳಗೆ ಅಕ್ಷರದಲ್ಲೂ ಬರೆಯಿರಿ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ.

ಇನ್ನು ಖರ್ಚಿನ ಲೆಕ್ಕ. ಡೊಮೇನ್ ಅಂದರೆ ನಿಮ್ಮ ತಾಣದ ಹೆಸರು. ‘ಡಾಟ್ ಇನ್’ ಹೆಸರಿಗೆ ವರ್ಷಕ್ಕೆ ಸುಮಾರು 500ರಿಂದ 1,000 ರೂಪಾಯಿ. ಹೋಸ್ಟಿಂಗ್ ಅಂದರೆ ಪಾಠ ಇಡುವ ಬಾಡಿಗೆ ಜಾಗ. ಹಲವರ ಜೊತೆ ಹಂಚಿಕೊಳ್ಳುವ ಜಾಗಕ್ಕೆ ವರ್ಷಕ್ಕೆ ಎರಡರಿಂದ ಐದು ಸಾವಿರ. ಮೂಡಲ್ ಸ್ವಲ್ಪ ಭಾರದ ತಂತ್ರಾಂಶ. ನೂರಾರು ಜನ ಬರತೊಡಗಿದರೆ ತಿಂಗಳಿಗೆ 500ರಿಂದ 1,000 ರೂಪಾಯಿಯ ಪ್ರತ್ಯೇಕ ಸರ್ವರ್ ಬೇಕಾಗುತ್ತದೆ. ಜಾಹೀರಾತಿನಲ್ಲಿ ಕಾಣುವುದು ಮೊದಲ ವರ್ಷದ ದರ. ನವೀಕರಣದ ದರ ಕೇಳದೆ ದುಡ್ಡು ಕಟ್ಟಬೇಡಿ, ಅದು ಎರಡರಷ್ಟು ಮೂರರಷ್ಟು ಇರುವುದುಂಟು. ತಾಣದ ಸುರಕ್ಷತೆಗೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತದೆ. ಅದಕ್ಕೂ ದುಡ್ಡು ಕೇಳಿದರೆ ಬೇಡ ಎನ್ನಿ. ವಿಡಿಯೊಗಳನ್ನು ನಿಮ್ಮ ಸರ್ವರಿನಲ್ಲಿ ಇಡದೆ ಯೂಟ್ಯೂಬಿನಲ್ಲಿಟ್ಟು ಜೋಡಿಸಿ. ಕಾಲರ್ ಮೈಕಿಗೆ 500ರಿಂದ 1,500. ಒಟ್ಟಿನಲ್ಲಿ ಮೊದಲ ವರ್ಷ ಹತ್ತು ಸಾವಿರದೊಳಗೆ ಮುಗಿಸಬಹುದು. ನಿಮ್ಮ ದುಡಿಮೆಯ ಗಂಟೆಗಳಿಗೆ ಬೆಲೆ ಕಟ್ಟಿದರೆ ಮಾತು ಬೇರೆ. ನನ್ನ ಎಂಟು ಪಾಠಗಳಿಗೆ ನಾಲ್ಕು ತಿಂಗಳ ಸಂಜೆಗಳು ಹೋದವು.

ಮೂಡಲ್ ಹಾಕಿಸುವಾಗ ಎರಡು ವಿಷಯ ಮರೆಯಬೇಡಿ. ಒಂದು ಕ್ರಾನ್, ಅಂದರೆ ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕೆಲಸಗಳ ವ್ಯವಸ್ಥೆ. ಅದನ್ನು ಚಾಲೂ ಮಾಡದಿದ್ದರೆ ಜ್ಞಾಪನೆಯ ಇಮೇಲ್‌ಗಳು ಹೋಗುವುದೇ ಇಲ್ಲ. ಇನ್ನೊಂದು ಬ್ಯಾಕಪ್. ವಾರಕ್ಕೊಮ್ಮೆ ಒಂದು ಪ್ರತಿ ನಿಮ್ಮ ಸ್ವಂತ ಕಂಪ್ಯೂಟರಿಗೆ ಬರಲಿ.

ಲಾಗಿನ್ ವಿಚಾರಕ್ಕೆ ಬರೋಣ. ಮೊದಲ ಪಾಠಕ್ಕೆ ಲಾಗಿನ್ ಕೇಳಲೇಬೇಡಿ. ನೋಡಿ ಇಷ್ಟವಾದವರು ಆಮೇಲೆ ಹೆಸರು ಬರೆಸಿಕೊಳ್ಳಲಿ. ಪಾಸ್‌ವರ್ಡ್ ಮರೆಯುವವರೇ ಹೆಚ್ಚು, ಆದ್ದರಿಂದ ಗೂಗಲ್ ಖಾತೆಯಿಂದ ಒಳಬರುವ ದಾರಿ ತೆರೆದಿಡಿ. ಎಸ್‌ಎಂಎಸ್‌ನಲ್ಲಿ ಒಟಿಪಿ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ, ಅಂದರೆ ಸಂದೇಶ ಕಳಿಸುವವರ ನೋಂದಣಿ, ಆಗಬೇಕು, ಪ್ರತಿ ಸಂದೇಶಕ್ಕೂ ದುಡ್ಡು. ಶುರುವಿಗೆ ಅದು ಬೇಡ.

ಶುಲ್ಕ ಪಡೆಯಬೇಕೆ? ಪಡೆಯಿರಿ, ತಪ್ಪೇನಿಲ್ಲ, ಆದರೆ ಅರ್ಧದಷ್ಟಾದರೂ ಉಚಿತವಾಗಿರಲಿ. ಪೇಮೆಂಟ್ ಗೇಟ್‌ವೇ ಅಂದರೆ ಆನ್‌ಲೈನ್‌ನಲ್ಲಿ ಹಣ ವಸೂಲಿ ಮಾಡಿಕೊಡುವ ಸಂಸ್ಥೆ. ಸಾಮಾನ್ಯವಾಗಿ ಶೇ. 2 ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಹಿಡಿದುಕೊಳ್ಳುತ್ತದೆ. 499 ರೂಪಾಯಿಗೆ ನಿಮ್ಮ ಕೈಗೆ ಬರುವುದು 487 ಚಿಲ್ಲರೆ. ಸೇವೆಯಿಂದ ಬರುವ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೀವೇ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಆ ಹಂತ ಹತ್ತಿರವಾದಾಗ ಲೆಕ್ಕಪರಿಶೋಧಕರನ್ನು ಕೇಳಿ. ಪ್ರಮಾಣಪತ್ರ ಕೊಡುವುದಾದರೆ ಅದು ಸರ್ಕಾರಿ ಮಾನ್ಯತೆಯದ್ದಲ್ಲ ಎಂದು ಮೊದಲ ಪುಟದಲ್ಲೇ ಬರೆಯಿರಿ. ಕೆಲಸ ಸಿಗುತ್ತದೆ ಎಂದು ನಂಬಿ ದುಡ್ಡು ಕಟ್ಟುವವರಿದ್ದಾರೆ.

ಕಾನೂನು ಎರಡು ಕಡೆ ತಾಗುತ್ತದೆ. ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಅವರ ಬರಹದ ಹಕ್ಕು ವಾರಸುದಾರರದ್ದು. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಪದ್ಯಗಳನ್ನು ನೀವು ಪಾಠಕ್ಕೆ ಬಳಸಬಹುದು. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಅವರ ಕಗ್ಗಗಳನ್ನು ಇಡಿಯಾಗಿ ಹಾಕಲು 2035ರ ಕೊನೆಯವರೆಗೆ ಅನುಮತಿ ಬೇಕು. ಇನ್ನೊಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವೆಂದು ಖಚಿತಪಡಿಸಿಕೊಳ್ಳಲೂಬೇಕು. ಸುಲಭದ ದಾರಿ ಎಂದರೆ ಬೇಡದ್ದನ್ನು ಕೇಳದಿರುವುದು. ಪಹಣಿ ಕಲಿಸಲು ಹುಟ್ಟಿದ ದಿನಾಂಕ, ಆಧಾರ್ ಯಾಕೆ ಬೇಕು?

ಈಗ ಬಿಡುಗಡೆ. ಒಮ್ಮೆಗೇ ಊರಿಗೆಲ್ಲ ಸಾರಬೇಡಿ. 20-30 ಜನರ ಒಂದು ತಂಡ ಸಾಕು. ಅವರಿಗೊಂದು ವಾಟ್ಸ್‌ಆ್ಯಪ್ ಗುಂಪು ಮಾಡಿ. ‘ಈ ಭಾನುವಾರದೊಳಗೆ ಎರಡನೇ ಪಾಠ’ ಎಂದು ದಿನ ಗೊತ್ತು ಮಾಡಿ. ಸ್ವಯಂಕಲಿಕೆಗೆ ಗಡುವು ಯಾಕೆ ಎಂದು ನೀವು ಕೇಳಬಹುದು. ಎಂಐಟಿ ಮತ್ತು ಹಾರ್ವರ್ಡ್‌ಗಳ ಉಚಿತ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ. 3ರ ಆಸುಪಾಸು ಮಾತ್ರ. ಅಷ್ಟು ದೊಡ್ಡ ಹೆಸರಿದ್ದೂ ಅಷ್ಟೇ. ಜೊತೆಗಾರರು ಮತ್ತು ಒಂದು ದಿನಾಂಕ ಇದ್ದರೆ ನಿಲ್ಲಿಸಿದವರು ಮತ್ತೆ ಹಿಡಿಯುತ್ತಾರೆ. ನನ್ನ ಮೊದಲ ತಂಡದಲ್ಲಿ 24 ಜನರಿದ್ದರು, 11 ಜನ ಮುಗಿಸಿದರು. ಒಬ್ಬಾಕೆ ಕೊನೆಯ ಪಾಠದ ದಿನ ತಮ್ಮ ಮನೆಯ ಪಹಣಿ ತೆಗೆದು ನೋಡಿ, 11ನೇ ಕಾಲಂನಲ್ಲಿ ತೀರಿಸಿ ವರ್ಷಗಳಾದ ಬೆಳೆ ಸಾಲ ಇನ್ನೂ ಹಾಗೇ ಇದೆ ಎಂದು ಗುಂಪಿನಲ್ಲಿ ಬರೆದರು. ಬ್ಯಾಂಕಿನಿಂದ ತೀರುವಳಿ ಪತ್ರ ತಂದು ನಾಡಕಚೇರಿಗೆ ಕೊಟ್ಟರು.

ತೆರೆದ ಮೇಲೆ ವಾರಕ್ಕೊಮ್ಮೆ ಮೂಡಲ್‌ನ ಅಂಕಿಅಂಶದ ಪುಟ ನೋಡಿ. ಅತಿ ಹೆಚ್ಚು ಜನ ತಪ್ಪಿದ ಪ್ರಶ್ನೆ ಯಾವುದು, ಯಾವ ಪಾಠದಲ್ಲಿ ಜನ ನಿಂತುಹೋದರು ಎಂದು ಅಲ್ಲಿ ಕಾಣುತ್ತದೆ. ತಪ್ಪಿದವರ ಮೇಲೆ ಹೊರಿಸಬೇಡಿ, ಪಾಠ ತಿದ್ದಿ. ನನ್ನ ನಾಲ್ಕನೇ ಪಾಠವನ್ನು ಮೂರು ಸಲ ಬರೆದಿದ್ದೇನೆ.

ಕಲಿಯಲು ಎಲ್ಲಿ ಹೋಗಬೇಕು? ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಮೂಡಲ್ ಬಗ್ಗೆಯೇ ಒಂದು ಪಾಠಮಾಲೆ ಇದೆ. ಏನನ್ನೂ ಕೊಳ್ಳುವ ಮೊದಲು ಮೂಡಲ್‌ನವರೇ ಇಟ್ಟಿರುವ ಸ್ಯಾಂಡ್‌ಬಾಕ್ಸ್ ತಾಣಕ್ಕೆ ಹೋಗಿ. ಅದು ಅಭ್ಯಾಸದ ಅಂಗಳ. ಅಲ್ಲಿ ಶಿಕ್ಷಕರಾಗಿ ಒಳಹೋಗಿ ಏನು ಬೇಕಾದರೂ ಮಾಡಬಹುದು, ಗಂಟೆಗೊಮ್ಮೆ ಎಲ್ಲ ಅಳಿಸಿ ಹೊಸದಾಗುತ್ತದೆ. ಒಂದು ಪ್ರಶ್ನೆ, ಒಂದು ಸರಿ ಉತ್ತರ, ಎರಡು ತಪ್ಪು ಉತ್ತರ, ಆ ಎರಡಕ್ಕೂ ನೀವು ಹೇಳುವ ಮಾತು. ಇಷ್ಟನ್ನು ಅಲ್ಲಿ ಹಾಕಿ ನೋಡಲು ಅರ್ಧ ಗಂಟೆ ಸಾಕು. ಮುಗಿದ ಮೇಲೆ ಪಕ್ಕದ ಮನೆಯವರೊಬ್ಬರ ಕೈಗೆ ಫೋನು ಕೊಟ್ಟು ಸುಮ್ಮನೆ ಕೂತು ನೋಡಿ.